ಬಟಾಬಯಲಿನಲ್ಲಿ ತಂಡವಾಗಿ ಸೈಕಲ್ ಯಾನ: ಸಿದ್ಧತೆಯಿಂದ ಸವಾರಿಯವರೆಗೆ

ನಕ್ಷೆಯಲ್ಲಿ ಒಂದೂ ಬೆಟ್ಟ ಕಾಣದ, ಕಣ್ಣು ಹಾಯುವಷ್ಟು ದೂರ ರಸ್ತೆ ನೇರವಾಗಿ ಸಾಗುವ ಬಯಲು ಪ್ರದೇಶವನ್ನು ನೋಡಿದಾಗ, ಇಲ್ಲಿ ಸೈಕಲ್ ತುಳಿಯುವುದು ಸುಲಭ ಎಂದೇ ಹೆಚ್ಚಿನವರಿಗೆ ಅನ್ನಿಸುತ್ತದೆ. ಆದರೆ ಘಟ್ಟದ ರಸ್ತೆಯಲ್ಲಿ ಏರು ಎಷ್ಟೇ ಕಡಿದಾಗಿದ್ದರೂ ಅದರಾಚೆ ಒಂದು ಇಳಿಜಾರು ಸಿಗುತ್ತದೆ. ಅಲ್ಲಿ ಕಾಲಿಗೆ ಬಿಡುವು, ಕೈಗೆ ಬೇರೆ ಹಿಡಿತ, ಬೆನ್ನಿಗೆ ಬೇರೆ ಭಂಗಿ. ಬಯಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಭಂಗಿಯಲ್ಲಿ, ಒಮ್ಮೆಯೂ ನಿಲ್ಲಿಸದೆ ಪೆಡಲ್ ತುಳಿಯಬೇಕಾಗುತ್ತದೆ, ಮತ್ತು ಗಾಳಿ ಎದುರಿನಿಂದ ಬೀಸತೊಡಗಿದರೆ ಅದಕ್ಕೆ ತುದಿಯೂ ಇರುವುದಿಲ್ಲ. ಆಸ್ಟ್ರೇಲಿಯಾದ ನಲ್ಲರ್‌ಬೋರ್ ಬಯಲಿನತ್ತ ಸಾಗುವ ಹೆದ್ದಾರಿಯಲ್ಲಿ ಬಲಡೋನಿಯಾ ಮತ್ತು ಕೈಗುನಾ ನಡುವೆ 146.6 ಕಿ.ಮೀ. ಉದ್ದಕ್ಕೂ ಒಂದು ತಿರುವೂ ಇಲ್ಲ. ಅಂಥ ರಸ್ತೆಯಲ್ಲಿ ಒಂಟಿ ಸವಾರ ಇಡೀ ಗಾಳಿಯನ್ನು ತಾನೇ ಎದುರಿಸುತ್ತಾನೆ. ತಂಡವಾದರೆ ಅದನ್ನು ಹಂಚಿಕೊಳ್ಳಬಹುದು. ಬಯಲಿನಲ್ಲಿ ತಂಡ ಕಟ್ಟುವುದರ ಮುಖ್ಯ ಪ್ರಯೋಜನ ಇದೇ ಎಂಬುದು ನನ್ನ ಅಭಿಪ್ರಾಯ. ಈ ಹಂಚಿಕೆ ಸರಿಯಾಗಿ ನಡೆಯಬೇಕಾದರೆ ಏನೇನು ಮಾಡಬೇಕು ಎಂಬುದನ್ನು, ಮಾಡಬೇಕಾದ ಕ್ರಮದಲ್ಲಿಯೇ, ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ತಂಡವನ್ನು ಕಟ್ಟುವುದು

ತಂಡದಲ್ಲಿ ಎಷ್ಟು ಮಂದಿ ಇರಬೇಕೆಂಬುದನ್ನು ಗೆಳೆತನದ ಒತ್ತಾಯಕ್ಕೆ ಬಿಡದೆ ಲೆಕ್ಕ ಹಾಕಿ ತೀರ್ಮಾನಿಸಿ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಗಾಳಿಗೆ ಮುಂದೆ ನಿಲ್ಲುವ ಸರದಿ ಬೇಗ ಬೇಗ ಬರುತ್ತದೆ, ಮತ್ತು ಒಬ್ಬರಿಗೆ ಪೆಟ್ಟಾದರೆ ಉಳಿದವರಲ್ಲಿ ಸಹಾಯ ತರಲು ಹೋಗುವವರು ಯಾರು, ಜೊತೆಗೆ ಉಳಿಯುವವರು ಯಾರು ಎಂಬುದೇ ಸಮಸ್ಯೆಯಾಗುತ್ತದೆ. ಎಂಟಕ್ಕಿಂತ ಹೆಚ್ಚಿದ್ದರೆ ಪ್ರತಿ ಪಂಕ್ಚರ್‌ಗೂ ಒಂಬತ್ತು ಹತ್ತು ಜನ ಬಿಸಿಲಿನಲ್ಲಿ ನಿಂತು ಕಾಯಬೇಕು, ಸಾಲು ಉದ್ದವಾಗಿ ಹಿಂದಿನ ವಾಹನಗಳು ದಾಟಲು ಪರದಾಡುತ್ತವೆ, ಸಣ್ಣ ಊರಿನಲ್ಲಿ ಎಲ್ಲರಿಗೂ ಸಾಲುವಷ್ಟು ನೀರೂ ಜಾಗವೂ ಸಿಗುವುದು ಕಷ್ಟ. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷದ ನೆನಪಿಗೆ ಆ ದೇಶವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ದಾಟುವ ಸುಮಾರು 6,800 ಕಿ.ಮೀ. ಉದ್ದದ ಸೈಕಲ್ ಯಾನ ನಡೆದಾಗ ಸುಮಾರು 4,000 ಮಂದಿ ಪಾಲ್ಗೊಂಡಿದ್ದರು. ಅಷ್ಟು ದೊಡ್ಡ ಯಾನದಲ್ಲಿಯೂ ಜನ ಸಾಗಿದ್ದು ಒಂದೇ ದೊಡ್ಡ ಮೆರವಣಿಗೆಯಾಗಿ ಅಲ್ಲ, ಬಿಡಿಬಿಡಿಯಾದ ಚಿಕ್ಕ ತಂಡಗಳಾಗಿ. ನಿಮ್ಮಲ್ಲಿ ಹನ್ನೆರಡು ಮಂದಿ ಇದ್ದರೆ ಆರಾರು ಮಂದಿಯ ಎರಡು ತಂಡ ಮಾಡಿ, ಅರ್ಧ ಗಂಟೆಯ ಅಂತರದಲ್ಲಿ ಹೊರಡಿ. ರಾತ್ರಿ ತಂಗುವಲ್ಲಿ ಎಲ್ಲರೂ ಸೇರಬಹುದು.

ಸದಸ್ಯರು ತೀರ್ಮಾನವಾದ ಮೇಲೆ, ಸಾಮಾನಿನ ಪಟ್ಟಿ ಮಾಡುವುದಕ್ಕೂ ಮೊದಲು, ಒಂದು ಸಂಜೆ ಎಲ್ಲರೂ ಕೂತು ಕೆಲವು ವಿಷಯಗಳನ್ನು ಬಾಯಿಬಿಟ್ಟು ಮಾತಾಡಿ ಬರೆದಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಗಂಟೆ ತುಳಿಯುವುದು, ವಿಶ್ರಾಂತಿಯ ದಿನ ಯಾವಾಗ, ಹವಾಮಾನ ಕೆಟ್ಟರೆ ನಿಲ್ಲುವ ತೀರ್ಮಾನ ಯಾರದು, ಒಬ್ಬರಿಗೆ ಮುಂದುವರಿಯಲು ಆಗದಿದ್ದರೆ ವಾಹನ ಹತ್ತಿಸುವುದೋ ಎಲ್ಲರೂ ನಿಲ್ಲುವುದೋ, ಇವೆಲ್ಲ ದಣಿದು ಹಸಿದಿರುವಾಗ ರಸ್ತೆ ಬದಿಯಲ್ಲಿ ಚರ್ಚಿಸುವ ವಿಷಯಗಳಲ್ಲ. ವೇಗದ ಬಗ್ಗೆ ಮಾತ್ರ ಚರ್ಚೆಗೆ ಅವಕಾಶವಿಲ್ಲ: ತಂಡದ ವೇಗ ಎಂದರೆ ಅತಿ ನಿಧಾನದ ಸವಾರ ಇಡೀ ದಿನ ಕಾಯ್ದುಕೊಳ್ಳಬಲ್ಲ ವೇಗ. ಇದನ್ನು ಒಪ್ಪದವರು ಎಷ್ಟೇ ಬಲಶಾಲಿಗಳಾಗಿದ್ದರೂ ಅವರು ಬೇರೆ ತಂಡಕ್ಕೆ ಸೇರಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು.

ಆಮೇಲೆ, ಹೊರಡಲು ಕನಿಷ್ಠ ಒಂದು ತಿಂಗಳಿರುವಾಗ, ಪೂರ್ತಿ ಸಾಮಾನು ಹೇರಿಕೊಂಡು ಸತತ ಎರಡು ದಿನದ ಒಂದು ಪರೀಕ್ಷಾ ಸವಾರಿ ಮಾಡಿ. ಸಾಮಾನಿಲ್ಲದೆ ಒಂದು ದಿನ 120 ಕಿ.ಮೀ. ತುಳಿದವರು ಸಾಮಾನಿನೊಂದಿಗೆ 80 ಕಿ.ಮೀ. ತುಳಿದು, ನೆಲದ ಮೇಲೆ ಮಲಗಿ, ಮಾರನೆಯ ದಿನ ಮತ್ತೆ 80 ತುಳಿಯುವಾಗ ಹೇಗಿರುತ್ತಾರೆ ಎಂಬುದು ಎರಡನೆಯ ದಿನದ ಮಧ್ಯಾಹ್ನವೇ ಗೊತ್ತಾಗುತ್ತದೆ. ಸೀಟಿನ ಎತ್ತರದ ತಪ್ಪು, ಕ್ಯಾರಿಯರ್‌ನ ಸಡಿಲ ಬೋಲ್ಟು, ಹಿಮ್ಮಡಿಗೆ ತಾಗುವ ಚೀಲ ಎಲ್ಲವೂ ಅಂದೇ ಬಯಲಾಗುತ್ತವೆ.

ಎರಡನೆಯ ಹಂತ: ದಿಕ್ಕು, ಕಾಲ, ದಿನದ ಲೆಕ್ಕ

ಬೆಟ್ಟದ ನಾಡಿನಲ್ಲಿ ದಾರಿಯನ್ನು ಎತ್ತರ ನೋಡಿ ಆರಿಸುತ್ತೇವೆ. ಬಯಲಿನಲ್ಲಿ ಗಾಳಿ ನೋಡಿ ಆರಿಸಬೇಕು. ಭೂಮಧ್ಯರೇಖೆಯಿಂದ ಎರಡೂ ಕಡೆ ಸುಮಾರು 40ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಅದು ಸೈಕಲನ್ನೇ ರಸ್ತೆಯಿಂದ ತಳ್ಳುವಷ್ಟು ಬಲವಾಗಿರುತ್ತದೆ. ಇಂಥ ಪ್ರದೇಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ತಂಡಕ್ಕೆ ಹಿಂಗಾಳಿ ಸಿಗುವ ಸಂಭವ ಹೆಚ್ಚು. ನೀವು ಹೋಗಲಿರುವ ಪ್ರದೇಶದ, ಹೋಗಲಿರುವ ತಿಂಗಳಿನ ಗಾಳಿಯ ದಿಕ್ಕನ್ನು ಮೊದಲು ತಿಳಿದುಕೊಂಡು, ಎಲ್ಲಿಂದ ಆರಂಭಿಸಿ ಎಲ್ಲಿಗೆ ಮುಗಿಸಬೇಕೆಂಬುದನ್ನು ಅನಂತರ ನಿರ್ಧರಿಸಿ.

ದಿನದೊಳಗೂ ಗಾಳಿಗೆ ಒಂದು ಕ್ರಮವಿದೆ. ರಾತ್ರಿ ನೆಲ ತಣಿದಾಗ ನೆಲದ ಬಳಿಯ ಗಾಳಿ ಶಾಂತವಾಗಿರುತ್ತದೆ. ಹೊತ್ತು ಏರಿ ನೆಲ ಕಾದಂತೆ ಮೇಲಿನ ವೇಗದ ಗಾಳಿ ಕೆಳಗಿನದರ ಜೊತೆ ಬೆರೆತು ಮಧ್ಯಾಹ್ನದ ಹೊತ್ತಿಗೆ ಬಿರುಸಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಎದ್ದು, ಬೆಳಕು ಹರಿದ ಕೂಡಲೇ ಹೊರಟು, ದಿನದ ಹೆಚ್ಚಿನ ದೂರವನ್ನು ಮಧ್ಯಾಹ್ನಕ್ಕೆ ಮೊದಲೇ ಮುಗಿಸುವ ತಂಡ ಅರ್ಧ ಕಷ್ಟವನ್ನು ತಪ್ಪಿಸಿಕೊಳ್ಳುತ್ತದೆ. ಎಲ್ಲರಿಗೂ ತಿಳಿದಿದ್ದರೂ ಮೂರನೆಯ ದಿನಕ್ಕೇ ಕೈಬಿಡುವ ನಿಯಮವಿದು. ಬೆಳಗ್ಗೆ ಎಬ್ಬಿಸುವ ಜವಾಬ್ದಾರಿಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ.

ದಿನದ ಗುರಿಯನ್ನು ಕಿಲೋಮೀಟರ್‌ಗಳಲ್ಲಿ ಮಾತ್ರ ಬರೆದುಕೊಂಡರೆ ಮೋಸ ಹೋಗುತ್ತೀರಿ. ಗಾಳಿಯಿಲ್ಲದ ದಿನ ಸಾಮಾನು ಹೇರಿದ ತಂಡ ಗಂಟೆಗೆ 20 ಕಿ.ಮೀ. ಸಾಗಿದರೆ 100 ಕಿ.ಮೀ.ಗೆ ಐದು ಗಂಟೆ ಸಾಕು. ಬಲವಾದ ಎದುರುಗಾಳಿಯಲ್ಲಿ ಅದೇ ತಂಡ ಗಂಟೆಗೆ 10 ಕಿ.ಮೀ.ಗೆ ಇಳಿಯುತ್ತದೆ, ಅದೇ ದೂರಕ್ಕೆ ಹತ್ತು ಗಂಟೆ ಬೇಕಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ನೀವು 15 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಎದುರಿನಿಂದ 25 ಕಿ.ಮೀ. ವೇಗದ ಗಾಳಿ ಬಂದರೆ ನಿಮ್ಮ ಎದೆಗೆ ತಾಗುವುದು 40 ಕಿ.ಮೀ. ವೇಗದ ಗಾಳಿ, ನಿಶ್ಚಲ ಗಾಳಿಯಲ್ಲಿ ಅದೇ 15ರಲ್ಲಿ ಸಾಗುವಾಗಿನ ತಡೆಗಿಂತ ಇದು ಏಳು ಪಟ್ಟು ಹೆಚ್ಚು. ಆದ್ದರಿಂದ ಪ್ರತಿದಿನಕ್ಕೂ ಎರಡು ಗುರಿ ಇಟ್ಟುಕೊಳ್ಳಿ: ಒಳ್ಳೆಯ ದಿನ ಮುಟ್ಟುವ ಊರು ಒಂದು, ಕೆಟ್ಟ ದಿನ ನಿಲ್ಲಬಹುದಾದ ಹತ್ತಿರದ ಜಾಗ ಇನ್ನೊಂದು. ಏಳು ದಿನಕ್ಕೊಂದು ದಿನವನ್ನಾದರೂ ಖಾಲಿ ಬಿಡಿ.

ಮೂರನೆಯ ಹಂತ: ನೀರು ಮತ್ತು ಆಹಾರ

ಮೇಲಿನ ಲೆಕ್ಕ ಜೀವಕ್ಕೆ ಸಂಬಂಧಿಸಿದ್ದಾಗುವುದು ನೀರಿನ ವಿಷಯ ಬಂದಾಗ. ಬಿಸಿಲಿನಲ್ಲಿ ತುಳಿಯುವ ಒಬ್ಬರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೇಕು. ಮುಕ್ಕಾಲು ಲೀಟರ್ ಎಂದೇ ಇಟ್ಟುಕೊಂಡರೂ ಐದು ಗಂಟೆಯ ದಿನಕ್ಕೆ ನಾಲ್ಕು ಲೀಟರ್ ಸಾಕಾದರೆ, ಹತ್ತು ಗಂಟೆಯ ದಿನಕ್ಕೆ ಏಳೂವರೆ ಲೀಟರ್ ಬೇಕು. ದೂರ ಮಾತ್ರ ಎರಡೂ ದಿನ ಅದೇ 100 ಕಿ.ಮೀ. ನೀರನ್ನು ದೂರದ ಮೇಲೆ ಲೆಕ್ಕ ಹಾಕಿ ಹೊರಟವರು ಎದುರುಗಾಳಿಯ ದಿನ ಒಣಗಿದ ಬಾಟಲಿಗಳೊಂದಿಗೆ ನಿಲ್ಲುವುದು ಹೀಗೆಯೇ. ರಾತ್ರಿ ಬಯಲಿನಲ್ಲೇ ತಂಗುವುದಾದರೆ ಅಡುಗೆಗೂ ಕುಡಿಯುವುದಕ್ಕೂ ತಲೆಗೆ ಇನ್ನೂ ಮೂರು ಲೀಟರ್ ಸೇರಿಸಿ. ಅಲ್ಲಿಗೆ ಆರು ಮಂದಿಯ ತಂಡದ ನೀರೇ 63 ಲೀಟರ್, ಅಂದರೆ 63 ಕಿಲೋ ಆಗುತ್ತದೆ. ಈ ಭಾರವನ್ನು ಹೊರಲು ಜಾಗವಿರುವಂತೆ ಉಳಿದ ಸಾಮಾನನ್ನು ಕಡಿಮೆ ಮಾಡಬೇಕು. ಸಾಮಾನಿಗಾಗಿ ನೀರನ್ನು ಕಡಿಮೆ ಮಾಡಕೂಡದು.

ನೀರು ಸಿಗುವ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿಕೊಳ್ಳಿ, ಆದರೆ ಗುರುತು ಇದ್ದ ಮಾತ್ರಕ್ಕೆ ನಂಬಬೇಡಿ. ಹಿಂದಿನ ಊರಿನವರನ್ನು ಕೇಳಿ, ಸಾಧ್ಯವಾದರೆ ಇಬ್ಬರನ್ನು ಕೇಳಿ. ಬತ್ತಿದ ತೊಟ್ಟಿ, ಮುಚ್ಚಿದ ಅಂಗಡಿ ನಕ್ಷೆಯಲ್ಲಿ ವರ್ಷಗಟ್ಟಲೆ ಉಳಿದುಕೊಂಡಿರುತ್ತವೆ. ದನಕರುಗಳ ತೊಟ್ಟಿಯ ನೀರನ್ನು ಸೋಸಿ ಕುದಿಸದೆ ಕುಡಿಯಬೇಡಿ. ತಂಡದ ನೀರನ್ನು ಒಬ್ಬರ ಸೈಕಲಿನ ಮೇಲೆಯೇ ಹೇರದೆ ಹಂಚಿ ಹೇರಿ, ಏಕೆಂದರೆ ಒಂದು ಸೈಕಲ್ ಹಿಂದೆ ಉಳಿದರೆ ಅಥವಾ ಒಂದು ಚೀಲ ಹರಿದರೆ ಎಲ್ಲರೂ ಬಾಯಾರಿ ಕೂರಬೇಕಾಗುತ್ತದೆ.

ಕುಡಿಯುವುದರಲ್ಲಿ ಅತಿಯೂ ಅಪಾಯವೇ. ಬೆವರಿನೊಂದಿಗೆ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ. ಆಗ ಬಾಯಾರಿಕೆ ಎಂದು ಭಾವಿಸಿ ಮತ್ತಷ್ಟು ನೀರು ಕುಡಿಸುವುದರಿಂದ ಸ್ಥಿತಿ ಬಿಗಡಾಯಿಸುತ್ತದೆ. ನೀರಿನ ಜೊತೆ ಉಪ್ಪಿನಂಶವಿರುವ ತಿಂಡಿ ಅಥವಾ ಓಆರ್‌ಎಸ್ ಪುಡಿ ಜೊತೆಯಲ್ಲಿರಲಿ. ಹಸಿವಾದ ಮೇಲೆ ತಿಂದರೆ ತಡವಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಂನಷ್ಟು ಪಿಷ್ಟ ಅಥವಾ ಸಕ್ಕರೆಯ ಅಂಶ ಹೊಟ್ಟೆಗೆ ಹೋಗುವಂತೆ, ಸ್ವಲ್ಪ ಸ್ವಲ್ಪವೇ ತಿನ್ನುತ್ತಾ ಸಾಗಿ.

ನಾಲ್ಕನೆಯ ಹಂತ: ಸೈಕಲುಗಳು

ಯಾವ ಕಂಪನಿಯ ಸೈಕಲ್ ಎಂಬುದಕ್ಕಿಂತ ತಂಡದ ಸೈಕಲುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮುಖ್ಯ. ಎಲ್ಲರ ಚಕ್ರದ ಅಳತೆ, ವಾಲ್ವ್‌ನ ಬಗೆ ಒಂದೇ ಆಗಿದ್ದರೆ ಟ್ಯೂಬುಗಳನ್ನೂ ಪಂಪನ್ನೂ ಹಂಚಿಕೊಳ್ಳಬಹುದು, ಇಡೀ ತಂಡಕ್ಕೆ ಒಂದೆರಡು ಮಡಿಚುವ ಟೈರು ಸಾಕಾಗುತ್ತದೆ. ಟೈರಿನ ಅಗಲ 35 ಮಿ.ಮೀ.ಗಿಂತ ಕಡಿಮೆ ಬೇಡ. ಮಣ್ಣುರಸ್ತೆ ಹೆಚ್ಚಿದ್ದರೆ 45ರಿಂದ 50 ಇರಲಿ. ಒಣಬಯಲಿನಲ್ಲಿ ನೆಗ್ಗಿಲು ಮುಳ್ಳು ಸೈಕಲಿಗರ ನಿತ್ಯದ ಶತ್ರು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುವಂಥ ಆಕಾರ ಅದರ ಕಾಯಿಗಿದೆ, ಹಾಗಾಗಿ ರಸ್ತೆಯಂಚಿನಿಂದ ಒಂದು ಮಾರು ಕೆಳಗಿಳಿದರೂ ನಾಲ್ಕು ಪಂಕ್ಚರ್ ಒಟ್ಟಿಗೇ ಆಗಬಹುದು. ವಿಶ್ರಾಂತಿಗೆ ನಿಲ್ಲುವಾಗ ಸೈಕಲನ್ನು ತಳ್ಳಿಕೊಂಡು ಹೋಗದೆ ಎತ್ತಿಕೊಂಡು ಹೋಗಿ, ಮತ್ತೆ ಹೊರಡುವ ಮೊದಲು ಟೈರನ್ನು ಒಂದು ಸುತ್ತು ನೋಡಿ.

ಸಾಮಾನಿನ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಕಡ್ಡಿಗಳು ಮುರಿಯುವುದೂ ಅಲ್ಲೇ, ಅದರಲ್ಲೂ ಚೈನ್ ಇರುವ ಬದಿಯಲ್ಲಿ. ಆ ಬದಿಗೆ ಸರಿಹೊಂದುವ ಉದ್ದದ ನಾಲ್ಕು ಕಡ್ಡಿ, ಅವನ್ನು ಬದಲಿಸಲು ಬೇಕಾದ ಸಾಧನ, ಮತ್ತು ಚಕ್ರದ ಬೆಂಡ್ ತೆಗೆಯಲು ಬಲ್ಲ ಕನಿಷ್ಠ ಇಬ್ಬರು ತಂಡದಲ್ಲಿರಬೇಕು. ಒಬ್ಬರೇ ಬಲ್ಲವರಾದರೆ, ಅವರಿಗೇ ಜ್ವರ ಬಂದ ದಿನ ಏನು ಮಾಡುತ್ತೀರಿ? ಭಾರವಾದ ವಸ್ತುಗಳನ್ನು ಚೀಲದ ತಳದಲ್ಲಿಡಿ, ಸ್ವಲ್ಪ ಭಾರವನ್ನು ಮುಂದಿನ ಚಕ್ರದ ಚೀಲಗಳಿಗೂ ಹಂಚಿ.

ಐದನೆಯ ಹಂತ: ಗಾಳಿಯನ್ನು ಹಂಚಿಕೊಂಡು ತುಳಿಯುವುದು

ಇಡೀ ಯಾನದಲ್ಲಿ ಅಭ್ಯಾಸದಿಂದಲೇ ಬರಬೇಕಾದ ಕೌಶಲ ಇದು. ಮುಂದಿನ ಸವಾರನ ಹಿಂದೆ ಉಂಟಾಗುವ ಗಾಳಿಯ ಮರೆಯಲ್ಲಿ ಸಾಗುವವರ ಶ್ರಮ ಕಾಲುಭಾಗದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ನಿಧಾನವಾಗಿ ಹೋಗುವವರಿಗೆ ಇದರಿಂದ ಪ್ರಯೋಜನವಿಲ್ಲ ಎಂಬ ಮಾತು ಎದುರುಗಾಳಿಯ ದಿನಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ಮರೆಯ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಎದೆಗೆ ತಾಗುವ ಗಾಳಿಯ ವೇಗ.

ಮೊದಲು ಅಂತರ ಕಲಿಯಿರಿ. ಸ್ಪರ್ಧೆಯ ಸವಾರರು ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಸಾಗುತ್ತಾರೆ. ಸಾಮಾನು ಹೇರಿದ ಸೈಕಲ್ ಅಷ್ಟು ಬೇಗ ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ. ಆರಂಭದಲ್ಲಿ ಎರಡು ಮೂರು ಮೀಟರ್ ಬಿಡಿ. ಒಂದು ವಾರ ಜೊತೆಗೆ ತುಳಿದು ಒಬ್ಬರ ರೀತಿ ಇನ್ನೊಬ್ಬರಿಗೆ ಅರಿವಾದ ಮೇಲೆ ಒಂದು ಮೀಟರ್‌ಗೆ ಇಳಿಸಬಹುದು. ನಿಮ್ಮ ಮುಂದಿನ ಚಕ್ರ ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರಲು ಎಂದಿಗೂ ಬಿಡಬೇಡಿ. ಅವರು ಒಂದು ಗುಂಡಿ ತಪ್ಪಿಸಲು ಸರಿದರೆ ಬೀಳುವವರು ನೀವು, ಮತ್ತು ನಿಮ್ಮ ಮೇಲೆ ನಿಮ್ಮ ಹಿಂದಿನವರು. ನೋಟ ಎದುರಿನ ಚಕ್ರದಲ್ಲಿ ನೆಡದೆ, ಅವರ ಭುಜದಾಚೆ ರಸ್ತೆಯ ಕಡೆಗಿರಲಿ.

ಸರದಿಯನ್ನು ಗಡಿಯಾರದಿಂದ ನಡೆಸಿ. ಎದುರುಗಾಳಿಯಲ್ಲಿ ಐದು ನಿಮಿಷ ಮುಂದೆ ನಿಂತರೆ ಸಾಕು. ಬಲ ಕಡಿಮೆಯಿರುವವರು ಒಂದೇ ನಿಮಿಷ ನಿಂತು ಬಿಟ್ಟುಕೊಡಲಿ, ಅಥವಾ ಆ ದಿನ ಮುಂದೆ ಬಾರದೇ ಇರಲಿ. ಸರದಿ ತಪ್ಪಿಸಿಕೊಂಡರೆಂದು ಯಾರೂ ಅವರನ್ನು ಚುಚ್ಚಬಾರದು: ಅವರು ಮುಂದೆ ನಿಂತು ಬಳಲಿದರೆ ನಿಧಾನವಾಗುವುದು ಇಡೀ ತಂಡವೇ. ಬಿಟ್ಟುಕೊಡುವವರು ಕನ್ನಡಿಯಲ್ಲಿ ಹಿಂದೆ ನೋಡಿ, ವಾಹನವಿಲ್ಲವೆಂದು ಖಾತ್ರಿಯಾದ ಮೇಲೆ ಕೈ ತೋರಿಸಿ ಪಕ್ಕಕ್ಕೆ ಸರಿದು, ವೇಗ ತಗ್ಗಿಸಿ ಸಾಲಿನ ಕೊನೆ ಸೇರಬೇಕು. ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ಮುಂದಕ್ಕೆ ಬಂದವರು ಉತ್ಸಾಹದಿಂದ ವೇಗ ಹೆಚ್ಚಿಸುತ್ತಾರೆ, ಆಗತಾನೇ ದಣಿದು ಕೊನೆಗೆ ಹೋಗುತ್ತಿರುವವರು ಸಾಲು ಹಿಡಿಯಲಾಗದೆ ಒಂಟಿಯಾಗಿ ಗಾಳಿಗೆ ಸಿಕ್ಕಿಬೀಳುತ್ತಾರೆ. ಮುಂದೆ ಬಂದವರು ಅದೇ ವೇಗವನ್ನು ಕಾಯ್ದುಕೊಂಡು, ಕೊನೆಯವರು ಸೇರಿಕೊಂಡರೆಂಬ ಸೂಚನೆ ಬರುವವರೆಗೆ ಒಂದಿಷ್ಟೂ ಹೆಚ್ಚಿಸಬಾರದು.

ಆ ಸೂಚನೆ ಮುಂದಕ್ಕೆ ತಲುಪುವುದೇ ಕಷ್ಟ. ಎದುರುಗಾಳಿಯಲ್ಲಿ ಮುಂದಿನವರ ಮಾತು ಹಿಂದಿನವರಿಗೆ ಕೇಳಿಸುತ್ತದೆ, ಹಿಂದಿನವರ ಕೂಗು ಮುಂದಕ್ಕೆ ಹೋಗುವುದೇ ಇಲ್ಲ. ಸಾಲಿನ ಕೊನೆಯಲ್ಲಿರುವವರ ಕೊರಳಲ್ಲಿ ಒಂದು ಸೀಟಿ ಇರಲಿ. ಒಮ್ಮೆ ಊದಿದರೆ ಸೇರಿಕೊಂಡೆವು, ಎರಡು ಸಲ ಊದಿದರೆ ನಿಧಾನಿಸಿ, ಮೂರು ಸಲ ಊದಿದರೆ ನಿಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸೀಟಿ ಕೇಳಿದ ಪ್ರತಿಯೊಬ್ಬರೂ ತಮ್ಮ ಮುಂದಿನವರಿಗೆ ಕೂಗಿ ಹೇಳಬೇಕು.

ಅಡ್ಡಗಾಳಿಯಲ್ಲಿ ಗಾಳಿಯ ಮರೆ ನೇರ ಹಿಂದೆ ಇರುವುದಿಲ್ಲ, ಓರೆಯಾಗಿ ಹಿಂದಕ್ಕಿರುತ್ತದೆ. ಗಾಳಿ ಎಡದಿಂದ ಬರುತ್ತಿದ್ದರೆ ಮುಂದಿನವರ ಬಲಹಿಂಬದಿಯಲ್ಲಿ ಮರೆ ಸಿಗುತ್ತದೆ, ಹಾಗಾಗಿ ಸಾಲು ಬೀಸಣಿಗೆಯಂತೆ ಬಲಕ್ಕೆ ಹರಡುತ್ತದೆ. ಆದರೆ ಹೀಗೆ ಹರಡಿದಾಗ ಚಕ್ರಗಳು ಅಕ್ಕಪಕ್ಕ ಬರುತ್ತವೆ, ರಸ್ತೆಯ ಅಗಲವೆಲ್ಲ ತುಂಬುತ್ತದೆ. ವಾಹನಗಳು ಓಡಾಡುವ ರಸ್ತೆಯಲ್ಲಿ ಇದನ್ನು ಮಾಡಲೇಬೇಡಿ. ಒಂದೇ ಸಾಲಿನಲ್ಲಿ, ಅಂತರ ಹೆಚ್ಚಿಸಿಕೊಂಡು, ಹ್ಯಾಂಡಲನ್ನು ಸಡಿಲವಾಗಿ ಆದರೆ ಎರಡೂ ಕೈಯಲ್ಲಿ ಹಿಡಿದು ಸಾಗಿ.

ಭಾರಿ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ ಅಡ್ಡಗಾಳಿ ಒಂದು ಕ್ಷಣ ನಿಂತು, ಲಾರಿ ದಾಟಿದೊಡನೆ ಒಮ್ಮೆಲೇ ಬಡಿಯುತ್ತದೆ. ಗಾಳಿಗೆ ಎದುರಾಗಿ ವಾಲಿಕೊಂಡಿದ್ದವರು ಆ ಕ್ಷಣದಲ್ಲಿ ರಸ್ತೆಯ ನಡುವಿಗೆ ಎಳೆಯಲ್ಪಡಬಹುದು. ಎದುರಿನಿಂದಲೂ ಹಿಂದಿನಿಂದಲೂ ದೊಡ್ಡ ವಾಹನಗಳು ನಿಮ್ಮ ಬಳಿಯೇ ಸಂಧಿಸುವಂತೆ ಕಂಡರೆ ಇಡೀ ತಂಡ ರಸ್ತೆಯಿಂದ ಕೆಳಗಿಳಿದು ನಿಲ್ಲಲಿ. ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಸಾಗುವಾಗ ನಿಮ್ಮ ಹಿಂದಿನಿಂದ ಬರುವ ಚಾಲಕನ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಿರುತ್ತದೆ, ಆತನಿಗೆ ನೀವು ಕಾಣುವುದೇ ಇಲ್ಲ. ಸೂರ್ಯ ದಿಗಂತಕ್ಕೆ ತೀರ ಹತ್ತಿರವಿರುವ ಆ ಅರ್ಧ ಗಂಟೆಯಲ್ಲಿ ವಾಹನ ದಟ್ಟಣೆಯ ರಸ್ತೆಯಲ್ಲಿ ತುಳಿಯದೆ ನಿಲ್ಲುವುದೇ ಸರಿ.

ಆರನೆಯ ಹಂತ: ಒಬ್ಬರನ್ನೂ ಹಿಂದೆ ಬಿಡದಿರುವುದು

ಬಯಲಿನಲ್ಲಿ ಎರಡು ಕಿ.ಮೀ. ಹಿಂದಿರುವವರೂ ಒಂದು ಚುಕ್ಕೆಯಾಗಿ ಕಾಣುತ್ತಲೇ ಇರುತ್ತಾರೆ, ಅದರಿಂದಾಗಿ ಅವರು ಜೊತೆಗೇ ಇದ್ದಾರೆಂಬ ಭ್ರಮೆ ಹುಟ್ಟುತ್ತದೆ. ಆ ಚುಕ್ಕೆ ನಿಂತಿದೆಯೋ ಚಲಿಸುತ್ತಿದೆಯೋ ಎಂಬುದು ಅಷ್ಟು ದೂರದಿಂದ ತಿಳಿಯುವುದಿಲ್ಲ. ದಿನಕ್ಕೊಬ್ಬರನ್ನು ಹಿಂಗಾವಲಿಗೆ ನೇಮಿಸಿ: ಯಾರು ನಿಂತರೂ ಅವರೂ ನಿಲ್ಲಬೇಕು, ಅವರ ಹಿಂದೆ ತಂಡದವರು ಯಾರೂ ಇರಬಾರದು. ರಿಪೇರಿ ಸಾಧನ ಮತ್ತು ಪ್ರಥಮ ಚಿಕಿತ್ಸೆಯ ಚೀಲ ಅವರ ಬಳಿಯೇ ಇರಲಿ, ಏಕೆಂದರೆ ಅವುಗಳ ಅಗತ್ಯ ಬೀಳುವುದು ಹಿಂದೆ ಉಳಿದವರಿಗೆ. ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಮುಂದಿನವರಲ್ಲೊಬ್ಬರು ಹಿಂಗಾವಲಿನವರು ಬರುವವರೆಗೆ ಕಾಯಬೇಕು.

ಗಂಟೆಗೊಮ್ಮೆ ಎಲ್ಲರೂ ನಿಲ್ಲಿ. ವಿಶ್ರಾಂತಿಯ ಹತ್ತು ನಿಮಿಷದ ಎಣಿಕೆ ಶುರುವಾಗಬೇಕಾದ್ದು ಕೊನೆಯವರು ಬಂದು ಸೈಕಲಿನಿಂದ ಇಳಿದ ಮೇಲೆ. ಈ ಒಂದು ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಮುಂದಿನವರು ಬೇಗ ಬಂದು ಕಾಲು ಚಾಚಿ ಕೂತು, ಕೊನೆಯವರು ಏದುಸಿರು ಬಿಡುತ್ತಾ ತಲುಪಿದ ಕೂಡಲೇ "ಸರಿ, ಹೊರಡೋಣವೇ?" ಎಂದು ಏಳುವುದು ಎಷ್ಟೋ ತಂಡಗಳಲ್ಲಿ ನಡೆಯುತ್ತದೆ. ಅತಿ ಹೆಚ್ಚು ದಣಿದವರಿಗೆ ಅತಿ ಕಡಿಮೆ ವಿಶ್ರಾಂತಿ ಸಿಗುವ ಈ ಕ್ರಮ ನಾಲ್ಕೈದು ದಿನ ಮುಂದುವರಿದರೆ ಆ ಸದಸ್ಯರು ಸುಮ್ಮನಾಗುತ್ತಾರೆ, ಆಮೇಲೆ ಯಾನವನ್ನೇ ಬಿಡುತ್ತಾರೆ. ನಿಂತಾಗ ಪ್ರತಿಯೊಬ್ಬರ ಮುಖ ನೋಡಿ, ಒಂದೆರಡು ಮಾತಾಡಿಸಿ. ಬಿಸಿಲಿನ ಹೊಡೆತ ಮೊದಲು ಕಾಣಿಸುವುದು ಮಾತಿನಲ್ಲಿ: ಅಸಂಬದ್ಧ ಉತ್ತರ, ಕಾರಣವಿಲ್ಲದ ಸಿಡುಕು, ತಡವರಿಸುವ ಹೆಜ್ಜೆ. ಮೈ ಇನ್ನೂ ಬೆವರುತ್ತಿದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. ಕೂಡಲೇ ನೆರಳು ಮಾಡಿ, ಬಟ್ಟೆ ಸಡಿಲಿಸಿ, ಇರುವ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿ, ಸಹಾಯಕ್ಕೆ ಕರೆ ಕಳಿಸಿ.

ಮೊಬೈಲ್ ಸಿಗ್ನಲ್ ಇಲ್ಲದ ದೂರ ಹೆಚ್ಚಿದ್ದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದಾದರೂ ತಂಡದಲ್ಲಿರಬೇಕು, ಅದನ್ನು ಬಳಸುವ ಬಗೆ ಎಲ್ಲರಿಗೂ ಗೊತ್ತಿರಬೇಕು. ದಿನದ ದಾರಿಯನ್ನು ಮನೆಯಲ್ಲಿರುವ ಒಬ್ಬರಿಗೆ ಕಳಿಸಿ, ಇಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಬರೆದುಕೊಡಿ.

ಏಳನೆಯ ಹಂತ: ಸಿಡಿಲು

ಬಟಾಬಯಲಿನಲ್ಲಿ ಸುತ್ತಲಿನ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಎಂದು ಲೆಕ್ಕ. ಎಣಿಕೆ 30 ಸೆಕೆಂಡಿಗಿಂತ ಕಡಿಮೆಯಾದರೆ ತುಳಿಯುವುದನ್ನು ನಿಲ್ಲಿಸಬೇಕು. ಗಟ್ಟಿ ಕಟ್ಟಡ ಅಥವಾ ಮುಚ್ಚಿದ ಲೋಹದ ವಾಹನ ಹತ್ತಿರದಲ್ಲಿದ್ದರೆ ಅದರೊಳಗೆ ಸೇರಿಕೊಳ್ಳಿ. ಡೇರೆಯಿಂದ ಯಾವ ರಕ್ಷಣೆಯೂ ಇಲ್ಲ. ಏನೂ ಇಲ್ಲದಿದ್ದರೆ ಸೈಕಲುಗಳನ್ನು ಬಿಟ್ಟು, ಒಂಟಿ ಮರ ಮತ್ತು ತಂತಿಬೇಲಿಯಿಂದ ದೂರ, ಇದ್ದುದರಲ್ಲಿ ತಗ್ಗಾದ ಜಾಗಕ್ಕೆ ಹೋಗಿ, ಒಬ್ಬರಿಂದೊಬ್ಬರು ಕನಿಷ್ಠ 15 ಮೀಟರ್ ದೂರದಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ. ನೆಲದ ಮೇಲೆ ಮಲಗಬೇಡಿ. ಹೆದರಿದಾಗ ಗುಂಪಾಗಿ ಸೇರಿಕೊಳ್ಳುವುದು ಸಹಜ. ಆದರೆ ದೂರದೂರ ಕೂತಿದ್ದರೆ ಒಬ್ಬರಿಗೆ ಸಿಡಿಲು ಬಡಿದರೂ ಉಳಿದವರು ಓಡಿ ಬಂದು ಎದೆ ಒತ್ತಿ ಉಸಿರು ಕೊಡಲು ಸಾಧ್ಯವಾಗುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹಿಂಜರಿಯಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಮತ್ತೆ ಹೊರಡಬಹುದು.

ಎಂಟನೆಯ ಹಂತ: ದೇಹವನ್ನು ಕಾಯ್ದುಕೊಳ್ಳುವುದು, ಸಂಜೆಯ ಕೆಲಸ

ಏರಿಳಿತವಿಲ್ಲದ ರಸ್ತೆಯಲ್ಲಿ ಭಂಗಿ ತಾನಾಗಿ ಬದಲಾಗುವುದಿಲ್ಲ, ನೀವೇ ಬದಲಿಸಬೇಕು. ಕಾಲು ಗಂಟೆಗೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಹತ್ತು ಹದಿನೈದು ಸಲ ತುಳಿಯಿರಿ, ಹ್ಯಾಂಡಲಿನ ಮೇಲೆ ಕೈ ಇಡುವ ಜಾಗ ಬದಲಿಸಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಅಂಚಿನ ನರದ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ; ಅದನ್ನು ಸಹಿಸಿಕೊಂಡು ಹೋದರೆ ವಾರಗಟ್ಟಲೆ ಉಳಿಯಬಹುದು. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 80 ಸುತ್ತು ತುಳಿದರೆ ಮಂಡಿ ಉಳಿಯುತ್ತದೆ. ಒದ್ದೆ ಚಡ್ಡಿಯಲ್ಲಿ ಸಂಜೆಯವರೆಗೆ ಕೂರಬೇಡಿ. ತಂಗಿದ ಕೂಡಲೇ ತೊಳೆದು ಒಣಗಿಸಿಕೊಳ್ಳಿ, ಸೀಟಿನ ಹುಣ್ಣು ಆರಂಭದಲ್ಲಿ ಚಿಕ್ಕದಾಗಿರುವಾಗಲೇ ಅಂದಿನ ವಿಶ್ರಾಂತಿ ಕೇಳಿ ಪಡೆಯಿರಿ.

ಬೆಳಕಿರುವಾಗಲೇ ಪ್ರತಿ ಸೈಕಲಿನ ಬ್ರೇಕ್, ಟೈರು, ಕಡ್ಡಿ, ಕ್ಯಾರಿಯರ್ ಬೋಲ್ಟು ನೋಡಿ ಚೈನಿನ ದೂಳು ಒರೆಸಿ ಎಣ್ಣೆ ಬಿಡಿ. ಊಟವಾದ ಮೇಲೆ ಮರುದಿನದ ಗಾಳಿಯ ಮುನ್ಸೂಚನೆ ನೋಡಿ, ಎರಡು ಗುರಿಗಳನ್ನೂ ನೀರಿನ ಲೆಕ್ಕವನ್ನೂ ಎಲ್ಲರಿಗೂ ಕೇಳುವಂತೆ ಹೇಳಿ, ಹಿಂಗಾವಲಿನ ಸರದಿ ಯಾರದೆಂದು ತೀರ್ಮಾನಿಸಿ. ಒಬ್ಬರು ನಾಳೆ ತುಳಿಯಲಾರೆ ಎಂದರೆ ಅವರನ್ನು ಒಪ್ಪಿಸಲು ಯತ್ನಿಸಬೇಡಿ. ದಿನವೊಂದನ್ನು ಬಿಡುವುದಾದರೆ ಎಲ್ಲರೂ ಉಳಿಯಿರಿ. ವಾಹನ ಹತ್ತಿ ಮುಂದಿನ ಊರಿಗೆ ಹೋಗುವುದಾದರೆ ಅವರ ಜೊತೆ ಇನ್ನೊಬ್ಬರು ಹೋಗಲಿ, ಅವರ ಪಾಲಿನ ನೀರು ಮತ್ತು ತಂಡದ ಸಾಧನಗಳನ್ನು ಉಳಿದವರ ಸೈಕಲುಗಳಿಗೆ ಆ ರಾತ್ರಿಯೇ ಹಂಚಿ ಹೇರಿಡಿ.